ಒಂದು ಕುರ್ಚಿ ಹೆಚ್ಚು

ಲಾಂಡ್ರಿಯಲ್ಲಿ ಅವಳಿಗೆ ಗುರುತಮ್ಮ ಎಂದೇ ಹೆಸರು. ಬಂದ ಬಟ್ಟೆಯ ಅಂಚಿಗೆ ಮಾಸದ ಶಾಯಿಯಲ್ಲಿ ಗುರುತು ಹಾಕುವುದು ಅವಳ ಕೆಲಸ. ಅಂಚು ನೋಡಿದರೆ ಸಾಕು, ಯಾವುದು ಯಾರ ಮನೆಯದೆಂದು ತಿಳಿಯುತ್ತಿತ್ತು. ಸೊಸೆಯ ಪದ್ಯಕ್ಕೆ ಮಾತ್ರ ಅಂತಹ ಗುರುತೇನೂ ಇರಲಿಲ್ಲ.

ಪದ್ಯ ವಾರಪತ್ರಿಕೆಯಲ್ಲಿ ಬಂದಿತ್ತು. ಮಗ ಹೆಮ್ಮೆಯಿಂದ ತೋರಿಸಿ ಕೆಲಸಕ್ಕೆ ಹೋದ. ಗುರುತಮ್ಮ ಅಕ್ಷರ ಕೂಡಿಸಿಕೊಂಡು ಓದಿದಳು:

ನಮ್ಮ ಮನೆಯಲ್ಲಿ ಒಂದು ಕುರ್ಚಿ ಹೆಚ್ಚು,
ಯಾರೂ ಅದನ್ನು ಹೊರಗಿಡುವುದಿಲ್ಲ.

ತಲೆಯೆತ್ತಿ ಕುರ್ಚಿಗಳನ್ನು ಎಣಿಸಿದಳು. ಮನೆಯಲ್ಲಿದ್ದುದೇ ಮೂರು ಕುರ್ಚಿ, ಮೂರು ಜನ. ಗಂಡ ಹೆಂಡತಿಗೆ ಎರಡು ಸಾಕು. ಮಿಕ್ಕಿದ್ದು ತನ್ನದೇ ಅಲ್ಲವೆ?

ಪುಟವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಲಾಂಡ್ರಿಗೆ ಒಯ್ದಳು. ಇಸ್ತ್ರಿಯವಳು ಓದಿ ನಕ್ಕಳು. "ಹುಟ್ಟೋ ಮಗೂಗೆ ಜಾಗ ಇಟ್ಟಿದಾಳೆ ಅಕ್ಕಾ! ಅಜ್ಜಿ ಆಗ್ತೀಯ ಬಿಡು."

ಬಟ್ಟೆ ಸಾಗಿಸುವ ಗಾಡಿಯವನು ಇಣುಕಿದ. "ಮಗು ಹುಟ್ತಾನೇ ಕುರ್ಚಿ ಮೇಲೆ ಕೂರುತ್ತಾ? ಇದು ಅತ್ತೇನೇ. ಹೊರಗಿಡೋಕೆ ಗಂಡ ಬಿಡ್ತಿಲ್ಲ, ಅದಕ್ಕೇ ಪದ್ಯ."

"ನಿನ್ ಬಾಯಿಗೆ ಮೊದಲು ಇಸ್ತ್ರಿ ಹಾಕ್ಬೇಕು!" ಎಂದಳು ಇಸ್ತ್ರಿಯವಳು.

ಆವತ್ತು ಗುರುತಮ್ಮ ಒಬ್ಬರ ದಿಂಬಿನ ಕವರಿಗೆ ಇನ್ನೊಬ್ಬರ ಗುರುತು ಹಾಕಿದಳು. ಸಂಜೆ ಮನೆಯಲ್ಲಿ ಕೂರಲಾರದೆ ನಿಲ್ಲಲಾರದೆ ಒಳಗೂ ಹೊರಗೂ ಓಡಾಡಿದಳು. ತನ್ನ ಕುರ್ಚಿಯನ್ನಂತೂ ಮುಟ್ಟಲಿಲ್ಲ. ತಂಗಿಯ ಮನೆಗೆ ಹೋಗಿಬಿಡುವುದೆಂದು ಸೀರೆಗಳನ್ನು ಚೀಲಕ್ಕೆ ತುಂಬಿದಳು, ತೆಗೆದಳು, ಮತ್ತೆ ತುಂಬಿದಳು.

ಸೊಸೆ ಒಣಗಿದ ಬೆಡ್‌ಶೀಟ್ ತಂದಳು. "ಅತ್ತೆ, ಆ ಕಡೆ ಸ್ವಲ್ಪ ಹಿಡೀತೀರಾ?"

ಇಬ್ಬರೂ ಎರಡೆರಡು ಮೂಲೆ ಹಿಡಿದರು. ಗುರುತಮ್ಮ ಬೇಕಾದ್ದಕ್ಕಿಂತ ಜೋರಾಗಿ ಜಗ್ಗಿದಳು.

"ಆ ಕುರ್ಚಿ ಯಾರದು ಕಣೇ?"

ಸೊಸೆಯ ಕೈ ನಿಂತಿತು. "ಓದಿದ್ರಾ?"

"ಓದಿದೆ. ನಂದಾ?"

"ಸುಳ್ಳು ಹೇಳಲ್ಲ ಅತ್ತೆ. ಬರೆಯೋಕೆ ಕೂತಾಗ ನಿಮ್ಮ ಮೇಲೆ ಸಿಟ್ಟಿತ್ತು. ಮೊದಲನೇ ಸಾಲು ಹಾಗೇ ಬಂತು. ಆಮೇಲೆ ನೀವಿಲ್ಲದ ಮನೆ ನೆನೆಸಿಕೊಂಡೆ. ಎರಡನೇದು ಬಂತು."

"ಹೊರಗಿಡಲ್ಲ ಅಂದ್ರೆ? ಇಡೋಕೆ ಆಗ್ತಿಲ್ಲ ಅಂತಲೋ, ಮನಸ್ಸಿಲ್ಲ ಅಂತಲೋ?"

"ಒಂದೊಂದು ದಿನ ಒಂದೊಂದು."

"ಇವತ್ತು?"

"ಇವತ್ತು ಮನಸ್ಸಿಲ್ಲ."

ಬೆಡ್‌ಶೀಟ್ ಮಡಿಸಬೇಕಾದರೆ ಇಬ್ಬರಲ್ಲೊಬ್ಬರು ಎದುರಿಗೆ ನಡೆಯಲೇಬೇಕು. ಗುರುತಮ್ಮ ನಡೆದು, ತನ್ನ ಮೂಲೆಗಳನ್ನು ಸೊಸೆಯ ಕೈಗೆ ಕೊಟ್ಟಳು. ಹೋಗಿ ಕುರ್ಚಿ ಎಳೆದುಕೊಂಡು ಕೂತಳು. ಚೀಲದಲ್ಲಿದ್ದ ಸೀರೆಗಳನ್ನು ಮಾತ್ರ ಆ ದಿನ ತೆಗೆಯಲಿಲ್ಲ.