ಟಕ್ ಮೇಸ್ತ್ರಿಯ ಕಿವಿ

ಗಂಡ ತೀರಿಕೊಂಡ ಮೇಲೆ ಮನೆಯ ಮುಂದೆ ನಿಂತೇ ಇದ್ದ ಕಾರನ್ನು ಅವಳು ಮೊದಲ ಸಲ ಹೊರಗೆ ತೆಗೆಯಲು ಹೋದ ದಿನ ಮೇಸ್ತ್ರಿಯ ಪರಿಚಯವಾಯಿತು. ಕಾರಿನ ಸೀಟುಗಳಿಗೆ ಕವರ್ ಹೊಲಿಯುವುದು ಅವಳ ಕಸುಬು. ಹೊಲಿದಿದ್ದನ್ನೆಲ್ಲ ಹಿಂದಿನ ಸೀಟಿಗೆ ತುಂಬಿ ಕೀ ತಿರುಗಿಸಿದರೆ ಇಂಜಿನ್ ಜಪ್ಪಯ್ಯ ಅನ್ನಲಿಲ್ಲ. ಬಾನೆಟ್ಟಿನೊಳಗೆ ಯಾರೋ ಹಲ್ಲು ಕಡಿದ ಸದ್ದು, ಅಷ್ಟೆ. ಪಕ್ಕದ ಮನೆಯವರು, "ಬ್ಯಾಟರಿ ಹೋಗಿದೆ, ಹೊಸದು ಹಾಕ್ಸಿ" ಅಂದರು. ಎದುರುಮನೆಯವರು, "ಕಾರೇ ಹೋಗಿದೆ, ಮಾರಿಬಿಡಿ" ಅಂದರು. ಅವಳು ಇಬ್ಬರಿಗೂ ಹೂಂಗುಟ್ಟಿ, ಬೀದಿಯ ತಿರುವಿನಲ್ಲಿದ್ದ ಕಾರು ರಿಪೇರಿಯ ಶೆಡ್ಡಿಗೆ ನಡೆದಳು.

ಶೆಡ್ಡಿನಲ್ಲಿ ಮೇಸ್ತ್ರಿ ವೈರು ಸುತ್ತುತ್ತ ಕೂತಿದ್ದರು. ಅವಳ ಮಾತು ಮುಗಿಯುವ ತನಕ ತಲೆಯೆತ್ತಲಿಲ್ಲ.

"ಹೇಗೆ ಕೂಗ್ತು?"

"ಏನು?"

"ಕಾರು. ಕೀ ತಿರುಗಿಸಿದಾಗ ಹೇಗೆ ಕೂಗ್ತೋ ಹಾಗೇ ಕೂಗಿ ತೋರ್ಸಿ."

ಅವಳು ರಸ್ತೆಯ ಕಡೆ ನೋಡಿದಳು. ಜನ ಓಡಾಡುತ್ತಿದ್ದರು.

"ನಾಚ್ಕೋಬೇಡಿ ಅಕ್ಕ. ಬ್ಯಾಂಕ್ ಮ್ಯಾನೇಜರೂ ಇಲ್ಲೇ ನಿಂತು ಕೂಗಿ ಹೋಗಿದಾರೆ."

ಅವಳು ಬಾಯಿಗೆ ಕೈ ಅಡ್ಡ ಹಿಡಿದು "ಟಕಟಕಟಕಟಕ" ಅಂದಳು. ಆಮೇಲೆ, "ಕೊನೆಕೊನೆಗೆ ಸ್ವಲ್ಪ ನಿಧಾನ" ಎಂದು ಸೇರಿಸಿದಳು.

ಮೇಸ್ತ್ರಿಯ ಮುಖ ಅರಳಿತು. ಇಷ್ಟು ಒಪ್ಪವಾಗಿ ಯಾರೂ ಕೂಗಿರಲಿಲ್ಲವಂತೆ. ಮನೆಗೆ ಬಂದು, ಕಾರಿನ ದೀಪ ಹಾಕಿಸಿ, ಇನ್ನೊಮ್ಮೆ ಕೀ ತಿರುಗಿಸಲು ಹೇಳಿದರು. ದೀಪ ಮಂಕಾಗಿ ಸತ್ತೇಹೋಯಿತು.

"ನೋಡಿ, ಬ್ಯಾಟರೀಲಿ ಉಸಿರಿದೆ, ಇಂಜಿನ್ ಎತ್ತೋವಷ್ಟು ಕಸುವಿಲ್ಲ. ಅದಕ್ಕೇ ಎತ್ತೋಕೆ ಹೋಗಿ ಹೋಗಿ ಕೈಬಿಡ್ತಿದೆ. ದೀಪ ಚೆನ್ನಾಗಿ ಉರೀತಾನೇ ಇದ್ದು, ದಪ್ಪಗೆ ಒಂದೇ ಒಂದು ಟಕ್ ಅಂದಿದ್ರೆ ಅದು ಸ್ಟಾರ್ಟರ್ ಮೋಟಾರಿನ ಕಾಯಿಲೆ. ಅದಕ್ಕೆ ಔಷಧಿ ಬೇರೆ."

ಬ್ಯಾಟರಿಯ ತುದಿಗಳಲ್ಲಿ ಬೆಳ್ಳಗೆ ಬೂಷ್ಟಿನಂತೆ ಕಟ್ಟಿದ್ದನ್ನು ಬಿಸಿನೀರಿನಲ್ಲಿ ತೊಳೆದು, ಮರಳುಕಾಗದದಲ್ಲಿ ಉಜ್ಜಿ, ಶೆಡ್ಡಿಗೆ ಒಯ್ದು ಚಾರ್ಜಿಗೆ ಹಾಕಿದರು.

"ಹೊಸ ಬ್ಯಾಟರಿ ಬೇಡ್ವಾ?"

"ಯಾಕೆ, ಪಾಪ, ಇದೇನು ತಪ್ಪು ಮಾಡಿದೆ?"

ಸಂಜೆಗೆ ಕಾರು ಹೊರಟಿತು. ಕೆಲವು ತಿಂಗಳಲ್ಲೇ ಅವಳು ಹೊಲಿಗೆಗೆಂದು ಶೆಡ್ಡಿನ ಪಕ್ಕದ ಕೋಣೆ ಹಿಡಿದಳು. ಬೀದಿಯವರ ಬಾಯಲ್ಲಿ ಅವಳು ಕವರ್ ಅಕ್ಕ, ಅವರು ಟಕ್ ಮೇಸ್ತ್ರಿ. ಕೂಗಿ ತೋರಿಸದ ಹೊರತು ಮೇಸ್ತ್ರಿ ಯಾವ ಕಾರನ್ನೂ ಮುಟ್ಟುತ್ತಿರಲಿಲ್ಲ. ಆಮೇಲೆ ಕಾರಿನ ಸದ್ದನ್ನು ತಮ್ಮ ಕಿವಿಯಿಂದ ಕೇಳಿ ಎರಡನ್ನೂ ತಾಳೆ ನೋಡುತ್ತಿದ್ದರು. "ಕಾರು ಸುಳ್ಳು ಹೇಳಲ್ಲ, ಓನರು ಹೇಳ್ತಾನೆ" ಅನ್ನುವುದು ಅವರ ಮಾತು. ದೀಪದ ಪರೀಕ್ಷೆ ಗಿರಾಕಿಗಳ ಸಮಾಧಾನಕ್ಕೆ ಮಾತ್ರ, ತಮಗೆ ಕಿವಿಯೇ ಸಾಕು ಎಂಬ ಜಂಬ. ಟ್ಯಾಕ್ಸಿ ಸ್ಟ್ಯಾಂಡಿನ ಗಾಡಿಗಳೆಲ್ಲ ಆ ಕಿವಿಯನ್ನು ನಂಬಿಯೇ ಬರುತ್ತಿದ್ದವು. ಅವರ ಹೊಟ್ಟೆಪಾಡು ನಡೆಯುತ್ತಿದ್ದದ್ದೂ ಅದರಿಂದಲೇ.

ವರ್ಷಗಳು ಉರುಳಿದವು. ಮೇಸ್ತ್ರಿಯ ದನಿ ಏರುತ್ತ ಹೋಯಿತು. ಮಾತನಾಡುವವರ ಕಣ್ಣು ಬಿಟ್ಟು ತುಟಿ ನೋಡತೊಡಗಿದರು. ಅವಳಿಗೆ ಅನುಮಾನ ಬಂತು. ಆದರೆ ಬಾಯಿ ಬಿಡಲಿಲ್ಲ.

ಒಂದು ದಿನ ಟ್ಯಾಕ್ಸಿ ಡ್ರೈವರೊಬ್ಬ ಗಾಡಿ ತಳ್ಳಿಸಿಕೊಂಡು ಬಂದ. ಹೇಗೆ ಕೂಗಿತೆಂದು ಕೇಳಿದಾಗ "ಟಕ್ ಟಕ್ ಟಕ್" ಅಂದ. ಕೀಯನ್ನೂ ತಿರುಗಿಸಿ ತೋರಿಸಿದ. ಮೇಸ್ತ್ರಿ ಬಗ್ಗಿ ಆಲಿಸಿ, ತಲೆಯಾಡಿಸಿ, "ಬ್ಯಾಟರಿ" ಎಂದು ತೀರ್ಪು ಕೊಟ್ಟರು. ತುದಿ ಉಜ್ಜಿ, ಚಾರ್ಜ್ ಮಾಡಿ ಕಳಿಸಿದರು. ಅದೃಷ್ಟಕ್ಕೆ ಗಾಡಿ ಆಗ ಹೊರಟಿತು.

ಮರುದಿನ ಡ್ರೈವರ್ ಕೆಂಡವಾಗಿ ಬಂದ. "ಪ್ಯಾಸೆಂಜರನ್ನ ಕೂರಿಸ್ಕೊಂಡು ಆಸ್ಪತ್ರೆ ಗೇಟಲ್ಲಿ ಕೀ ತಿರುಗಿಸಿದ್ರೆ ಸ್ಟಾರ್ಟೇ ಆಗ್ದೆ ಕಲ್ಲಿನ ಹಾಗೆ ನಿಂತ್ಬಿಡ್ತು ಮೇಸ್ತ್ರಿ! ಮತ್ತೆ ತಳ್ಳಿಸ್ಕೊಂಡು ಬಂದಿದೀನಿ. ಇನ್ನು ನಮ್ಮ ಸ್ಟ್ಯಾಂಡಿನ ಒಂದು ಚಕ್ರಾನೂ ಈ ಕಡೆ ತಿರುಗಲ್ಲ."

"ನಾನು ಕೇಳಿದ್ದೀನಪ್ಪ. ಟಕಟಕ ಅಂತಿತ್ತು."

ಅವಳು ಕತ್ತರಿ ಕೆಳಗಿಟ್ಟು ಬಂದಳು. "ಇಲ್ಲ ಮೇಸ್ತ್ರಿ. ಅವರು ಕೀ ಮೂರು ಸಲ ತಿರುಗಿಸಿದ್ರು. ಸಲಕ್ಕೆ ಒಂದೇ ಟಕ್. ನಾನು ಅಲ್ಲಿ ಕೂತೇ ಕೇಳಿಸ್ಕೊಂಡೆ."

"ನಿಮಗೆ ಕೇಳಿಸಿದ್ದು ನನಗೆ ಕೇಳ್ಸಲ್ವಾ?"

ಅವಳು ಬೆನ್ನು ತಿರುಗಿಸಿ ನಿಂತು, ಇದ್ದ ದನಿಯಲ್ಲೇ, "ಮೇಸ್ತ್ರಿ, ನಿಮ್ಮ ಅಂಗಿಗೆ ಬೆಂಕಿ ಹತ್ತಿದೆ" ಅಂದಳು.

ಡ್ರೈವರ್ ಬೆಚ್ಚಿಬಿದ್ದು ಮೇಸ್ತ್ರಿಯ ಅಂಗಿ ನೋಡಿದ. ಮೇಸ್ತ್ರಿ ಮಾತ್ರ ಸೊಂಟದ ಮೇಲೆ ಕೈಯಿಟ್ಟುಕೊಂಡು ಹಾಗೇ ನಿಂತಿದ್ದರು.

"ಏನಂತೆ?" ಎಂದು ಅವನನ್ನೇ ಕೇಳಿದರು.

"ನಿಮ್ಮ ಅಂಗಿಗೆ ಬೆಂಕಿ ಹತ್ತಿದೆಯಂತೆ" ಎಂದು ಅವನು ಮೆಲ್ಲಗೆ ಹೇಳಿದ. ಸಿಟ್ಟು ಅವನ ಮುಖದಿಂದ ಇಳಿದುಹೋಗಿತ್ತು.

ಮೇಸ್ತ್ರಿ ಅವನ ತುಟಿ ಓದಿಕೊಂಡು, ಅವಳ ಬೆನ್ನು ನೋಡಿದರು. ಆಮೇಲೆ ಗಾಡಿಯ ಮೂತಿಯನ್ನು ಗೋಡೆಯ ಕಡೆ ತಿರುಗಿಸಿ ನಿಲ್ಲಿಸಿ ದೀಪ ಹಾಕಿಸಿದರು. ತೋಳು ಮಡಚಿ, ಬಾನೆಟ್ಟಿನೊಳಗೆ ಕೈ ತೂರಿಸಿ, ಸ್ಟಾರ್ಟರ್ ಮೋಟಾರಿನ ಮೇಲೆ ಅಂಗೈ ಒತ್ತಿ ಹಿಡಿದರು.

"ತಿರುಗ್ಸಪ್ಪ. ಒಂದೇ ಸಲ."

ಗೋಡೆಯ ಮೇಲಿನ ಬೆಳಕು ಅಲುಗಾಡಲಿಲ್ಲ. ಅಂಗೈಗೆ ಒಂದೇ ಒಂದು ಗುದ್ದು ಬಿತ್ತು.

"ಒಂದೇ," ಅಂದರು ಮೇಸ್ತ್ರಿ. "ದಪ್ಪಗೆ. ಮೋಟಾರೇ ಕೆಟ್ಟಿದೆ. ಕಿವಿ ಹೋದ್ರೆ ಹೋಗ್ಲಿ, ಕೈ ಗಟ್ಟಿಯಿದೆ."

ಮೋಟಾರನ್ನು ಬಿಚ್ಚಿದಾಗ ಒಳಗಿನ ಕಾರ್ಬನ್ ತುಂಡುಗಳು ಪೂರ್ತಿ ಸವೆದಿದ್ದವು. ಹೊಸ ತುಂಡುಗಳನ್ನು ಕೂರಿಸಿದ ಮೇಲೆ ಗಾಡಿ ಒಂದೇ ಏಟಿಗೆ ಹೊರಟಿತು. ಡ್ರೈವರ್ ಸ್ಟ್ಯಾಂಡಿಗೆ ಹೋಗಿ ಏನು ಹೇಳಿದನೋ, ಗಾಡಿಗಳು ಬರುವುದು ನಿಲ್ಲಲಿಲ್ಲ.

ಅಂದಿನಿಂದ ಮೇಸ್ತ್ರಿ ಅಂಗೈ ಮತ್ತು ಗೋಡೆಯ ಬೆಳಕನ್ನೇ ನಂಬಿ ಕೆಲಸ ಮಾಡಿದರು. ಮುಂಚಿಗಿಂತ ತಪ್ಪು ಕಡಿಮೆಯಾಯಿತೇ ಹೊರತು ಹೆಚ್ಚಲಿಲ್ಲ. ಆದರೆ ಕಿವುಡೆಂದು ಹೊಸಬರ ಎದುರು ಒಪ್ಪಿಕೊಳ್ಳಲು ಮಾತ್ರ ನಾಲಿಗೆ ಏಳುತ್ತಿರಲಿಲ್ಲ. ಆ ಕೆಲಸ ಅವಳ ಪಾಲಿಗೆ ಬಂತು. ಹೊಸ ಗಿರಾಕಿ ಬಂದರೆ ತನ್ನ ಬಾಗಿಲಿಂದಲೇ, "ಎದುರಿಗೆ ನಿಂತು ಹೇಳಿ, ಅವರಿಗೆ ಕೇಳ್ಸಲ್ಲ" ಎಂದು ಕೂಗುವಳು. ಮೇಸ್ತ್ರಿ ಅದೂ ಕೇಳಿಸದವರಂತೆ ಸ್ಪ್ಯಾನರ್ ಹುಡುಕುವರು.

ಕೊನೆಗೆ ಒಂದು ರಾತ್ರಿ ಮೇಸ್ತ್ರಿ ನಿದ್ದೆಯಲ್ಲೇ ತೀರಿಕೊಂಡರು. ಅದರ ಹಿಂದಿನ ಸಂಜೆ ಶೆಡ್ಡಿಗೆ ಬೀಗ ಹಾಕಿ, ಎಂದೂ ಇಲ್ಲದ ಹಾಗೆ ಅವಳ ಬಾಗಿಲಿಗೆ ಬಂದು, ಚೌಕಟ್ಟಿಗೆ ಒರಗಿ ನಿಂತರು. ಮುಖದಲ್ಲಿ ನಗುವಿತ್ತು.

"ಅಕ್ಕ, ನಾಳೆ ಹೊಸಬರೊಬ್ಬರು ಗಾಡಿ ತರ್ತಾರೆ. ನೀವು ಕೂಗಬೇಡಿ, ಕಿವಿ ಕೇಳ್ಸಲ್ಲ ಅಂತ ಈ ಸಲ ನಾನೇ ಹೇಳ್ತೀನಿ. ಹೇಗೆ ಹೇಳಿದ್ರೆ ಅವರು ಗಾಡಿ ತಿರುಗಿಸ್ಕೊಂಡು ಹೋಗ್ದೆ ನಿಲ್ತಾರೆ?"