ಕಲ್ಲುಮನೆ ತೋರಿಸುತ್ತಿದ್ದವರು

ಸಂಜೆ ನಾಲ್ಕೂವರೆಗೆ ಬಾಲ್ಕನಿಯ ಕಲ್ಲುಚಪ್ಪಡಿ ನನ್ನ ಕಾಲಡಿ ಅಲುಗಿತು.

ಯಡಿಯೂರಿನಾಚೆ, ಹಿಂದೆ ಜರ್ಮನ್ ದೊರೆಯೊಬ್ಬ ಕಟ್ಟಿಸಿದ್ದ ಆ ಮನೆಯನ್ನು ನೋಡಬಂದವರಿಗೆ ತೋರಿಸುತ್ತಿದ್ದ ಕಾವಲುಗಾರರು ಒಬ್ಬರು ಒಂಟಿ ಮುದುಕರು. ಹೊರಟವರ ತೋಳು ಹಿಡಿದು, "ಇನ್ನೊಂದು ರೂಮೈತೆ ಸಾ" ಎನ್ನುತ್ತಿದ್ದರು. ಅಂದು ತೋರಿಸಲು ಕೋಣೆಗಳೇ ಉಳಿಯದೆ, ಎಂದೋ ಮುಚ್ಚಿದ್ದ ಬಾಲ್ಕನಿಯ ಬಾಗಿಲನ್ನೂ ನನಗಾಗಿ ತೆರೆದಿದ್ದರು.

ಚಪ್ಪಡಿ ಅಲುಗಿದ ತಕ್ಷಣ ನನ್ನನ್ನು ಒಳಕ್ಕೆ ದಬ್ಬಿ, ಅದರೊಂದಿಗೆ ತಾವು ಕೆಳಗೆ ಬಿದ್ದರು. ಆ ಸದ್ದು ರಾತ್ರಿಗಳಲ್ಲಿ ನನ್ನನ್ನು ಎಬ್ಬಿಸುತ್ತಿತ್ತು.

ಕಾಲು ಮುರಿದು ಮಲಗಿದ್ದ ಅವರನ್ನು ನೋಡಲು ದಿನವೂ ಆಸ್ಪತ್ರೆಗೆ ಹೋಗುತ್ತಿದ್ದೆ. ಒಂದು ದಿನ ಪಕ್ಕದ ಮಂಚದವನು, "ಈ ತಾತನ ಬಾಯಿಗೂ ಒಂದು ಕಟ್ಟು ಹಾಕ್ಸಿ ಸಾರ್!" ಎಂದ. ವಾರ್ಡೆಲ್ಲ ನಕ್ಕಿತು, ಅವರೂ ನಕ್ಕರು.

"ನಾಳೆ ಬರ್ಬೇಡಿ ಸಾ," ಎಂದರು ನನಗೆ. "ಇಲ್ಲಿ ಮಾತಿಗೆ ಜನ ಅವ್ರೆ."

ಅಂದು ರಾತ್ರಿ ಬೆಳಗಿನವರೆಗೂ ನಿದ್ದೆ ಮಾಡಿದೆ.