ಚಿಕ್ಕಮ್ಮನಿಗೆ ಕರೆಂಟು ಕೊಟ್ಟದ್ದು

ಹೊಂಗನೂರಿನ ಬಸ್ಸಿನಲ್ಲಿ ಯಾರೋ ಹಿಪ್ಪುನೇರಳೆ ಸೊಪ್ಪಿನ ಹೊರೆ ಹಾಕಿದ್ದರು. ಆ ಹಸಿ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ದೊಡ್ಡಪ್ಪನ ವೈದ್ಯಪಾಂಡಿತ್ಯ ನೆನಪಾಯಿತು. ಸೊಪ್ಪಿಗೂ ವೈದ್ಯಕ್ಕೂ ಏನು ಸಂಬಂಧ ಎನ್ನುತ್ತೀರಾ? ಕೇಳಿ. ನಮ್ಮದು ರೇಷ್ಮೆ ಹುಳು ಸಾಕುವ ಮನೆ.

ಚಿಕ್ಕಮ್ಮನ ಎದೆಯಲ್ಲಿ ಕ್ಯಾನ್ಸರ್ ಗಂಟು ಕಂಡಾಗ ಬೆಂಗಳೂರಿನ ಡಾಕ್ಟರು ಮೊಲೆ ಉಳಿಸಿ ಗಂಟನ್ನಷ್ಟೇ ತೆಗೆದರು. "ಕಣ್ಣಿಗೆ ಕಾಣದ್ದು ಒಳಗೆ ಉಳಿದಿರಬಹುದು. ವಿಕಿರಣ ಚಿಕಿತ್ಸೆ ಕೊಟ್ಟರೆ ಅದು ಅಲ್ಲೇ ಮತ್ತೆ ಬೆಳೆಯುವ ಸಂಭವ ಬಹಳ ಕಡಿಮೆಯಾಗುತ್ತದೆ" ಎಂದರು. ನಮ್ಮ ಕಡೆ ಅದಕ್ಕೆ 'ಕರೆಂಟು ಕೊಡೋದು' ಎನ್ನುತ್ತಾರೆ. ಹೆಸರು ಕೇಳಿದರೇ ಅರ್ಧ ಜೀವ ಹೋಗಬೇಕು.

ದೊಡ್ಡಪ್ಪ ಜಗಲಿಯಲ್ಲಿ ಸಭೆ ಸೇರಿಸಿದರು. ಲೈನ್‌ಮನ್ನಿಗೇ ಬುದ್ಧಿ ಹೇಳಿ ಕಳಿಸಿದವರು; ಕರೆಂಟಿನ ವಿಷಯದಲ್ಲಿ ಅವರಿಗಿಂತ ಬಲ್ಲವರುಂಟೇ!

"ಗಂಟು ತೆಗ್ದಾಯ್ತಲ್ಲಮ್ಮ, ಇನ್ಯಾಕೆ ಸುಡುಸ್ಕಂಡೀಯೆ? ಕರೆಂಟ್ ಹಿಡ್ದ ಕೈಲಿ ಸೊಪ್ಪಾಕುದ್ರೆ ಹುಳ ಉಳ್ದಾವಾ?"

ನೆರೆದ ನೆಂಟರೆಲ್ಲ ತಲೆದೂಗಿದರು. ತಲೆದೂಗಲು ತಲೆಯೊಳಗೆ ಏನೂ ಇರಬೇಕಾಗಿಲ್ಲ ನೋಡಿ. ಚಿಕ್ಕಪ್ಪ ನೆಲ ನೋಡುತ್ತಾ, "ಒಸಿ ದಿನ ತಡ್ದು ನೋಡಾನ" ಎಂದರು. ಮೊಬೈಲಿನಲ್ಲಿ ನಾಲ್ಕು ಪುಟ ಓದಿ ಅರ್ಧ ಡಾಕ್ಟರಾಗಿದ್ದ ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ, ಹುಳುಮನೆಯ ಬಾಗಿಲಿನಿಂದ ಚಿಕ್ಕಮ್ಮನ ದನಿ ಬಂತು:

"ಭಾವ, ರೋಗದ ಹುಳ ಆಯ್ದು ಬಿಸಾಕುದ್ಮೇಲೂ ಮನೆಗೆಲ್ಲ ಔಷ್ದಿ ಹೊಡುಸ್ತೀರಲ್ಲ, ಯಾಕೆ?"

ದೊಡ್ಡಪ್ಪ ಕೆಮ್ಮಿದರು.

"ಇದೂ ಅಂಗೇಯ. ನಾನು ಹೋಯ್ತೀನಿ."

ವಾರಗಟ್ಟಲೆ ಚನ್ನಪಟ್ಟಣದಿಂದ ರೈಲು ಹತ್ತಿ ಹೋಗಿ ಬಂದಳು. ಎದೆಯ ಚರ್ಮ ಕಪ್ಪಾಗಿ ಸುಲಿಯಿತು. ಸೊಪ್ಪಿನ ಕುಕ್ಕೆ ಹಿಡಿದು ಹೊರಟವಳು ಸುಸ್ತಾಗಿ ನಡುದಾರಿಯಲ್ಲೇ ಕೂತುಬಿಡುತ್ತಿದ್ದಳು. "ಮೆಸಿನ್ ನೋವು ಮಾಡಾಕಿಲ್ಲ ಕಣೋ. ಒಳಗೆ ಒಬ್ಳೇ ಮಲಗಿರ್ಬೇಕಲ್ಲ, ಅದೇ ಭಯ" ಎಂದಿದ್ದಳು. ಚಿಕಿತ್ಸೆ ಮುಗಿದ ಕ್ಷಣ ಮೈಯಲ್ಲಿ ವಿಕಿರಣವೇನೂ ಉಳಿಯದು, ಮಕ್ಕಳನ್ನೂ ತಬ್ಬಬಹುದು ಎಂದು ಡಾಕ್ಟರು ಹೇಳಿದ್ದರೂ, ಮನೆಯ ಮಹಾಪಂಡಿತರು ಅವಳ ತಟ್ಟೆಯನ್ನು ಬೇರೆಯೇ ಇಟ್ಟರು. ಅವಳು ಸೊಪ್ಪು ಹಾಕಿದ ಹುಳುಗಳು ಮಾತ್ರ, ಅಷ್ಟೊಂದು ತಿಳಿವಳಿಕೆ ಇಲ್ಲದ್ದರಿಂದ, ಚೆನ್ನಾಗಿ ತಿಂದು ಗೂಡು ಕಟ್ಟಿದವು. ಅದಾಗಿ ವರ್ಷಗಳೇ ಕಳೆದಿವೆ; ಚಿಕ್ಕಮ್ಮ ಗಟ್ಟಿಮುಟ್ಟಾಗಿದ್ದಾಳೆ.

ಬಸ್ಸಿಳಿದು ಮನೆಗೆ ಹೋದರೆ, ಕೋಡಿಹಳ್ಳಿಯಿಂದ ಬಂದ ಹೆಂಗಸೊಬ್ಬಳು ಕೂತಿದ್ದಳು. ಅವಳಿಗೂ ಅದೇ ಆಪರೇಷನ್ ಆಗಿ, ಕರೆಂಟಿಗೆ ಹೆದರಿ ಊರಿಗೆ ಮರಳಿದ್ದಳಂತೆ. ಎದುರಿಗೆ ದೊಡ್ಡಪ್ಪ.

"ಎಲ್ರೂ ಬ್ಯಾಡ ಅಂದ್ರು ಕಣವ್ವ. ನಾನೇ ಗಟ್ಯಾಗಿ ನಿಂತು ಇವ್ಳಿಗೆ ಕೊಡುಸ್ದೆ!"

ನನಗೆ ಮೈ ಉರಿಯಿತು. ಬಾಯಿ ತೆರೆಯುತ್ತಿದ್ದಂತೆ ಚಿಕ್ಕಮ್ಮ ಕಾಫಿ ಲೋಟ ಕೈಗಿತ್ತು ಪಿಸುಗುಟ್ಟಿದಳು: "ಸುಮ್ಕಿರೋ. ಸುಳ್ಳೇಳಿಯಾದ್ರೂ ಆ ಹೆಣ್ಮಗೀನ ಆಸ್ಪತ್ರೆಗೆ ಕಳುಸ್ಲಿ."

ಹೆಂಗಸು ನನ್ನ ಕಡೆ ತಿರುಗಿ, "ದಿಟವಾ ಅಣ್ಣ?" ಎಂದಳು.

"ದಿಟ ಕಣಮ್ಮ," ಎಂದೆ. "ನಮ್ ದೊಡ್ಡಪ್ಪ ಏಳ್ದಂಗೆ ಕೇಳು."